ರಾಕೆಟ್ಟಿಗೆ ಹೊಲಿದ ಛತ್ರಿ

ಪುಣೆಯ ದೊಡ್ಡ ಚೌಕಗಳ ಸಿಗ್ನಲ್ ಕಂಬಗಳಿಗೆ ಈಚೆಗೆ ಅಂಕಿ ತೋರಿಸುವ ಪೆಟ್ಟಿಗೆಗಳನ್ನು ಕೂರಿಸಿದ್ದಾರೆ. ಕೆಂಪು ದೀಪ ಆರಲು ಇನ್ನೆಷ್ಟು ಸೆಕೆಂಡು ಎಂದು ಅವು ಹಿಂದಕ್ಕೆ ಹಿಂದಕ್ಕೆ ಎಣಿಸುತ್ತವೆ. ಜನರಿಗೆ ಇದರಿಂದ ತುಂಬ ಅನುಕೂಲವಾಗಿದೆಯಂತೆ. ನನ್ನೊಬ್ಬಳಿಗೆ ಆಗಿಲ್ಲ. ಹತ್ತರ ತನಕ ಹೇಗೋ ತಡೆಯುತ್ತೇನೆ. ಐದಕ್ಕೆ ಬಂದಾಗ ಅಂಗೈ ಬೆವರುತ್ತದೆ. ಮೂರಕ್ಕೆ, ಸ್ಕೂಟರ್ ಓಡಿಸುವ ನಮ್ಮವರ ಅಂಗಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದಿರುತ್ತೇನೆ. ಒಂದು ಬರುವಷ್ಟರಲ್ಲಿ ಕಣ್ಣು ಮುಚ್ಚಿರುತ್ತದೆ.

“ಏ, ಬರೇ ಸಿಗ್ನಲ್ ಅದ. ಯಾವುದೂ ಹಾರೂದಿಲ್ಲ,” ಎಂದು ನಮ್ಮವರು ತಿರುಗಿ ನೋಡದೆಯೇ ಹೇಳುತ್ತಾರೆ. ಅವರ ಎಲ್ಲ ಅಂಗಿಗಳೂ ಬೆನ್ನಿನ ಮೇಲೆ ಒಂದೇ ಜಾಗದಲ್ಲಿ ಸುಕ್ಕುಗಟ್ಟಿವೆ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ಕೇಳಿದವರಿಗೆ ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಚಿಂಚವಾಡದಲ್ಲಿ ಬ್ಲೌಸು, ಸೀರೆಯೊಳಗಿನ ಪರಕರ ಹೊಲಿದುಕೊಂಡಿರುವ ಹೆಂಗಸು ‘ನಾನು ಕೆಲವು ವರ್ಷ ರಾಕೆಟ್ ಹಾರಿಸುವವರ ಜೊತೆ ಇದ್ದೆ’ ಎಂದರೆ ಯಾರು ನಂಬುತ್ತಾರೆ? ನೀವಾದರೆ ಎದುರಿಗಿಲ್ಲ, ನಕ್ಕರೂ ನನಗೆ ಕಾಣುವುದಿಲ್ಲ. ಆದ್ದರಿಂದ ನಿಮಗೆ ಹೇಳಬಹುದು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಹುಟ್ಟು ಅಂಜುಬುರುಕಿ. ಕುಕ್ಕರ್ ಮೂರನೆಯ ಸೀಟಿ ಹೊಡೆಯುವಾಗ ನಾನು ಅಡುಗೆಮನೆಯಲ್ಲಿ ಇರುವುದಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಲು ಇವತ್ತಿಗೂ ಎದುರು ಮನೆಯವರನ್ನು ಕರೆಯುತ್ತೇನೆ. ಮದುವೆಯಾಗಿ ಬಂದ ಹೊಸತರಲ್ಲಿ ಚಿಂಚವಾಡ ಸ್ಟೇಷನ್ನಿನಲ್ಲಿ ಮೊದಲ ಸಲ ಲೋಕಲ್ ರೈಲು ಹತ್ತಲು ನಿಂತವಳು ಎರಡು ಗಾಡಿ ಬಿಟ್ಟುಕೊಟ್ಟೆ. ಅಲ್ಲಿ ಗಾಡಿಗಳು ನಿಮಿಷಕ್ಕೊಂದು ಬರುವುದಿಲ್ಲ, ಮಧ್ಯಾಹ್ನವೇ ಕಳೆದುಹೋಯಿತು. ಮೂರನೆಯ ಗಾಡಿ ಬಂದಾಗ ನಮ್ಮವರು ನನ್ನ ಚೀಲವನ್ನು ಒಳಗೆ ಎಸೆದರು. ಚೀಲದಲ್ಲಿ ತವರಿನ ಬೆಳ್ಳಿ ಕುಂಕುಮಭರಣಿ ಇತ್ತು. ಹತ್ತಲೇಬೇಕಾಯಿತು.

ಈ ಅಂಜಿಕೆಗೆ ಒಂದು ಮೂಲವಿದೆ. ನನ್ನ ತವರು ಬೆಟಗೇರಿ. ನಮ್ಮ ಓಣಿ ತುಂಬ ಮಗ್ಗಗಳು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವರ ಮನೆಗಳು. ನಾನು ಎಂಟೊಂಬತ್ತು ವರ್ಷದವಳಿದ್ದಾಗ ಒಂದು ದೀಪಾವಳಿ. ಅಪ್ಪ ಖಾಲಿ ಸೀಸೆಯಲ್ಲಿ ಬಾಣ ನಿಲ್ಲಿಸಿ, ನನ್ನ ಕೈಗೆ ಊದಿನಕಡ್ಡಿ ಕೊಟ್ಟು, “ಹಚ್ಚವಾ, ಏನೂ ಆಗೂದಿಲ್ಲ,” ಎಂದ. ನನ್ನ ಕೈ ನಡುಗಿ ಸೀಸೆಗೆ ತಾಗಿತು. ಸೀಸೆ ಅಡ್ಡ ಬಿತ್ತು. ಬಾಣ ಮೊಳಕಾಲೆತ್ತರದಲ್ಲಿ ಓಣಿ ದಾಟಿ ಎದುರುಮನೆಯ ನಿಂಗಪ್ಪ ಕಾಕಾನ ಬಾಗಿಲೊಳಗೆ ನುಗ್ಗಿತು. ಪಾಪ, ಆತ ಯಾರದೋ ಮದುವೆಯ ಅವಸರದ ಸೀರೆ ಮುಗಿಸಲು ಹಬ್ಬದ ದಿನವೂ ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದ. ಬಾಣ ಆ ಕುಣಿಯೊಳಗೇ ಇಳಿದು ಗಿರಗಿರ ಸುತ್ತಿತು. ಹತ್ತು ವರ್ಷದಿಂದ ಮೊಳಕಾಲು ನೋವೆಂದು ಗೋಡೆ ಹಿಡಿದು ನಡೆಯುತ್ತಿದ್ದ ಕಾಕಾ ಮಗ್ಗವನ್ನೇ ಹಾರಿ ಓಣಿಗೆ ಬಂದು ನಿಂತ. ಯಾರಿಗೂ ಗಾಯವಾಗಲಿಲ್ಲ, ಸೀರೆಯ ಅಂಚಿಗೆ ಕಡಲೆಕಾಳಿನಷ್ಟು ತೂತು ಬಿತ್ತು. “ನೋಡು, ಏನೂ ಆಗಲಿಲ್ಲಲ್ಲ?” ಎಂದ ಅಪ್ಪ.

ಅಂದು ನಾನೊಂದು ಪಾಠ ಕಲಿತೆ: ‘ಏನೂ ಆಗೂದಿಲ್ಲ’ ಎನ್ನುವ ಗಂಡಸಿನಿಂದ ದೂರ ಇರಬೇಕು. ಆಮೇಲೆ ಹೋಗಿ ಹೋಗಿ ದಿನಕ್ಕೆ ಹತ್ತು ಸಲ ಅದನ್ನೇ ಹೇಳುವವರನ್ನು ಮದುವೆಯಾದೆ.

ನಮ್ಮವರು ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಟರ್ನರ್. ಲೇತ್ ಮೇಲೆ ಲೋಹವನ್ನು ಕಡೆದು ಕೂದಲೆಳೆಯ ಅಳತೆಗೆ ತರುವ ಕೆಲಸ. ನಮ್ಮ ಸಾಲುಮನೆಗಳ ಚಾಳಿನಂಥ ಕಟ್ಟಡದ ಕೆಳಗಿನ ಮನೆಯಲ್ಲಿ ಗೋಡಬೋಲೆ ಸರ್ ಇದ್ದರು; ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಮರಾಠಿಯಲ್ಲಿ ಆ ಅಡ್ಡಹೆಸರಿಗೆ ಸಿಹಿ ಮಾತಿನವರು ಎಂದರ್ಥ. ಅವರು ಸಿಹಿಯಾಗಿ ಮಾತಾಡಿದ್ದನ್ನು ನಾನು ಹತ್ತು ವರ್ಷದಲ್ಲಿ ಕೇಳಿಲ್ಲ. ಮಾತು ಸುತ್ತಿಗೆಯ ಹಾಗೆ ನೆಟ್ಟಗೆ ತಲೆಯ ಮೇಲೆ ಬೀಳುತ್ತಿತ್ತು. ಅವರು ಆಡಿದ್ದು ಮರಾಠಿ. ಇಲ್ಲಿ ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಎರಡು ಸಾವಿರದ ಇಸವಿ ಇನ್ನೂ ಬಂದಿರಲಿಲ್ಲ. ಒಂದು ದಿನ ಸರ್ ನಮ್ಮವರನ್ನು ಕರೆದು, “ಬಡಿಗೇರ, ಇದೊಂದು ಅಲ್ಯುಮಿನಿಯಮ್ ಬಳೆ ಕಡೆದುಕೊಡು,” ಎಂದರಂತೆ. ನೀರೆತ್ತುವ ಪಂಪಿಗೆ ಇರಬೇಕೆಂದು ಇವರು ಮಾಡಿಕೊಟ್ಟರು. ಮುಂದಿನ ರವಿವಾರ ಊರಾಚೆಯ ಬಯಲಿನಲ್ಲಿ ಆ ಬಳೆ ಒಂದು ರಾಕೆಟ್ಟಿನೊಳಗೆ ಕೂತು ಆಕಾಶಕ್ಕೆ ಹೋಗಿ ಬಂತು. ಇವರು ಮನೆಗೆ ಬಂದಾಗ ಮುಖ ಹೊಳೆಯುತ್ತಿತ್ತು. ನನ್ನ ಗಂಡನ ಮುಖ ಹಾಗೆ ಹೊಳೆದದ್ದು ಮಗಳು ಹುಟ್ಟಿದ ದಿನ ಮಾತ್ರ. ಇದು ಇಲ್ಲಿಗೆ ಮುಗಿಯುವುದಿಲ್ಲ ಎಂದು ನನಗೆ ಆಗಲೇ ತಿಳಿಯಿತು.

ಇವರ ಮಾತಿನಲ್ಲಿ ಮೇಲಿಂದ ಮೇಲೆ ಬರುತ್ತಿದ್ದ ಮೋಟಾರು ಎಂದರೆ ನಾನು ಬಾವಿಯ ಮೋಟಾರು ಅಂದುಕೊಂಡಿದ್ದೆ. ಅಲ್ಲವಂತೆ, ರಾಕೆಟ್ಟಿನ ಹೊಟ್ಟೆಯೊಳಗೆ ಉರಿದು ಅದನ್ನು ಮೇಲಕ್ಕೆ ದಬ್ಬುವ ಕೊಳವೆಗೂ ಮೋಟಾರು ಎನ್ನುತ್ತಾರಂತೆ. ಅದರ ಶಕ್ತಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಒಂದು ಅಕ್ಷರ ಮುಂದೆ ಹೋದರೆ ಶಕ್ತಿ ಇಮ್ಮಡಿ. ಎಚ್‌ನಿಂದ ಮುಂದಿನದು ಮಕ್ಕಳಾಟವಲ್ಲ. ಇವರಿಬ್ಬರೂ ಜಿ ಯಿಂದ ಹೊರಟು ಎರಡು ಮೂರು ವರ್ಷದಲ್ಲಿ ಕೆ ತಲುಪಿದ್ದರು. ಅದೇ ಹೊತ್ತಿಗೆ ನಮ್ಮ ಮಗಳು ಬಾಲವಾಡಿಯಲ್ಲಿ ಎ ಬಿ ಸಿ ಡಿ ಕಲಿಯುತ್ತಿದ್ದಳು. ಅವಳು “ಎಚ್, ಐ, ಜೆ, ಕೆ” ಎಂದು ರಾಗವಾಗಿ ಹಾಡಿದಾಗ ನನ್ನ ಎದೆಬಡಿತ ಇಮ್ಮಡಿ, ನಾಲ್ಮಡಿ, ಎಂಟುಮಡಿ ಆಗುತ್ತಿತ್ತು. ಎಲ್ ಮುಗಿದು ಮುಂದಿನದು ಬರುವ ಮೊದಲೇ “ಸಾಕು, ಊಟಕ್ಕೆ ಬಾ,” ಎನ್ನುತ್ತಿದ್ದೆ. ಆ ಕೂಸು ಬಹಳ ದಿನ ಇಂಗ್ಲಿಷ್ ಅಕ್ಷರಗಳು ಎಲ್‌ಗೇ ಮುಗಿಯುತ್ತವೆ ಅಂದುಕೊಂಡಿತ್ತು.

ಒಂದು ಸಮಾಧಾನವಿತ್ತು. ಮೋಟಾರನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ. ಅದನ್ನು ಲೈಸೆನ್ಸ್ ಇದ್ದ ಕಾರ್ಖಾನೆಯವರು ಮಾಡಿ, ತಮ್ಮದೇ ಗಾಡಿಯಲ್ಲಿ, ತಮ್ಮದೇ ಮನುಷ್ಯನ ಜೊತೆ ನೆಟ್ಟಗೆ ಬಯಲಿಗೆ ಕಳಿಸುತ್ತಿದ್ದರು. ಪರವಾನಗಿಗಾಗಿ ಗೋಡಬೋಲೆ ಸರ್ ತಿಂಗಳುಗಟ್ಟಲೆ ಫೈಲು ಹಿಡಿದು ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದರು. ಫೈಲಿಗೆ ಇನ್ನೊಂದು ಸಹಿ ಬಾಕಿ ಇದೆ ಎಂದು ತಿಳಿದಾಗಲೆಲ್ಲ ನಾನು ಗಣಪತಿಗೆ ತುಪ್ಪದ ದೀಪ ಹಚ್ಚುತ್ತಿದ್ದೆ. ಸಹಿ ಆಗದಿರಲಿ ಎಂದು.

ನಾನು ಈ ಕೆಲಸದೊಳಗೆ ಸಿಕ್ಕಿಬಿದ್ದದ್ದು ಪರಕರದಿಂದ. ಒಂದು ಸಂಜೆ ನಮ್ಮವರು ನನ್ನ ಹೊಲಿಗೆಯಂತ್ರದ ಪಕ್ಕ ಬಂದು ಕೂತರು.

“ಎಂಟು ಕಳಿ ಪರಕರ ಹೊಲೀತಿಯಲ್ಲ ನೀ?”

ಕಳಿ ಎಂದರೆ ಮೇಲೆ ಕಿರಿದು, ಕೆಳಗೆ ಅಗಲ ಇರುವ ತುಂಡು. ಅಂಥ ಎಂಟನ್ನು ಜೋಡಿಸಿದರೆ ಪರಕರಕ್ಕೆ ಘೇರು, ಅಂದರೆ ಕೆಳಗಿನ ಅಗಲ ಸುತ್ತು, ಬರುತ್ತದೆ.

“ಹೌದು. ಯಾರಿಗೆ ಬೇಕ್ರಿ?”

“ರಾಕೆಟ್ಟಿಗೆ,” ಎಂದರು. “ಮ್ಯಾಲೆ ಹೋಗಿದ್ದು ಸಾವಕಾಶ ಇಳೀಬೇಕಲ್ಲ, ಅದಕ್ಕ ಛತ್ರಿ. ಪರಕರ ಇದ್ದಂಗ ಅದ. ಲಾಡಿ ಕಟ್ಟೋ ಕಡೆ ಸಣ್ಣ ತೂತು, ಅಷ್ಟ ಫರಕು.”

“ನಾ ಒಲ್ಲೆ. ಬಿಚ್ಚಲಿಲ್ಲ ಅಂದ್ರ?”

“ಬಿಚ್ಚತದ. ಏನೂ ಆಗೂದಿಲ್ಲ.”

ಹೊಲಿದೆ. ಏಕೆ ಹೊಲಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಬೇರೆ ದರ್ಜಿ ಹೊಲಿದರೆ ಅವನು ಹೇಗೆ ಹೊಲಿಯುತ್ತಾನೋ ಎಂಬ ಅಂಜಿಕೆ ಇನ್ನೂ ದೊಡ್ಡದಾಗಿತ್ತು. ಮೊದಲ ಛತ್ರಿಗಳು ಒಳ್ಳೆಯ ಹಾಗೆ ಬಿಚ್ಚಿದವು. ನಾನು ನೋಡಲಿಲ್ಲ, ನೋಡಿದವರು ಹೇಳಿದರು. ಬಯಲಿಗೆ ನಾನೂ ಹೋಗುತ್ತಿದ್ದೆ, ಮನೆಯಲ್ಲಿ ಕೂತು ಊಹಿಸಿಕೊಳ್ಳುವುದು ಅದಕ್ಕಿಂತ ಕಷ್ಟ ಎಂದು. ಆದರೆ ಎಣಿಕೆ ಶುರುವಾದರೆ ತಲೆ ತಗ್ಗಿಸಿ ನೆಲ ನೋಡುತ್ತ ನಿಲ್ಲುತ್ತಿದ್ದೆ. ಗೋಡಬೋಲೆ ಸರ್ ನನ್ನನ್ನು ಸೂನಬಾಯಿ, ಅಂದರೆ ಸೊಸೆ, ಎಂದು ಕರೆಯುತ್ತಿದ್ದರು. “ಸೂನಬಾಯಿ, ರಾಕೆಟ್ ಮೇಲೆ ಹೋಗುತ್ತದೆ, ಕೆಳಗಲ್ಲ,” ಎಂದು ಪ್ರತಿ ಸಲ ರೇಗಿಸುತ್ತಿದ್ದರು.

ಕೊನೆಗೂ ಎಮ್ ಬಂತು.

ಆ ರಾಕೆಟ್ ನಮ್ಮವರಿಗಿಂತ ಎರಡಡಿ ಎತ್ತರವಿತ್ತು. ತೂಕ ನಮ್ಮ ಗೋಧಿ ಡಬ್ಬಿಯಷ್ಟು, ಹದಿನಾಲ್ಕು ಕಿಲೋ. ಎರಡು ಕಿಲೋಮೀಟರ್ ಮೇಲೆ ಹೋಗಬೇಕು. ತುದಿ ಮುಟ್ಟಿದಾಗ ರಾಕೆಟ್ ನಡುವೆ ಎರಡಾಗಿ, ಮೊದಲು ಸಣ್ಣ ಛತ್ರಿ ಹೊರಬಂದು ಅದರ ವೇಗ ತಗ್ಗಿಸಬೇಕು. ನೆಲ ಹತ್ತಿರ ಬಂದಾಗ ದೊಡ್ಡ ಛತ್ರಿ ತನ್ನ ಚೀಲದಿಂದ ಜಾರಿ ಬಿಚ್ಚಿಕೊಳ್ಳಬೇಕು. ಎರಡನ್ನೂ ನಾನೇ ಹೊಲಿದೆ, ಚೀಲವನ್ನೂ. ಪ್ರತಿ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿದೆ. ಜೋತುಬಿದ್ದು ಎಳೆದು ನೋಡಿದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಮಡಚಿಟ್ಟ ಛತ್ರಿಯ ಚೀಲ ಮಂಚದ ಮೇಲಿತ್ತು. ಅದರ ಬಾಯಿಗೆ ಒಂದು ಮಡಿಕೆ ಮಾತ್ರ, ಎಳೆದರೆ ಬಿಚ್ಚಿಬಿಡುತ್ತದೆ. ನೋಡುತ್ತ ನಿಂತವಳಿಗೆ ಬೆಟಗೇರಿಯ ಬಾಣ ಕಣ್ಣ ಮುಂದೆ ಬಂತು. ಇದು ಮೇಲೆ ಹೋಗುವಾಗಲೇ ಬಿಚ್ಚಿಕೊಂಡರೆ? ಉರಿಯುವ ರಾಕೆಟ್ ಅಡ್ಡ ತಿರುಗಿ ಇವರು ನಿಂತ ಕಡೆಗೇ ನುಗ್ಗಿದರೆ? ಸೂಜಿ ತೆಗೆದುಕೊಂಡು ಆ ಬಾಯಿಗೆ ನಾಲ್ಕು ಕಚ್ಚಾ ಹೊಲಿಗೆ ಹಾಕಿದೆ. ಕಚ್ಚಾ ಎಂದರೆ ಬಟ್ಟೆ ಜಾರದಿರಲೆಂದು ತಾತ್ಕಾಲಿಕವಾಗಿ ಹಾಕುವ ಉದ್ದುದ್ದ ಹೊಲಿಗೆ, ಎಳೆದರೆ ಹರಿಯುವಂಥದು. ಆದರೆ ಕೈಗೆ ಸಿಕ್ಕ ದಾರ ನೀಲಿ ನೈಲಾನಿನದು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ ಎಂದುಕೊಂಡೆ.

ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಇಂದಾಪುರದ ಕಡೆ ಹೋದೆವು. ಜೋಳ ಕೊಯ್ದು ಖಾಲಿಯಾದ ಕಪ್ಪು ನೆಲ, ಅದರಾಚೆ ಜಾಲಿ ಕಂಟಿ, ಇನ್ನೂ ಆಚೆ ಕಬ್ಬು. ಹೊಲದವರು ಒಪ್ಪಿದ್ದರು, ಹತ್ತಿರದ ಹೊಲಮನೆಗಳ ವಸ್ತಿಯ ಜನರಿಗೆಲ್ಲ ಈ ಕಡೆ ಬರಬೇಡಿ ಎಂದು ತಿಳಿಸಿಯಾಗಿತ್ತು. ನಡುಹೊಲದಲ್ಲಿ ಕಬ್ಬಿಣದ ಹಳಿಗೆ ರಾಕೆಟ್ ಆನಿಸಿ ನಿಲ್ಲಿಸಿದರು. ನಾವು ನಾಲ್ಕು ನೂರು ಹೆಜ್ಜೆ ದೂರ, ಜೀಪಿನ ಪಕ್ಕ. ಸರ್ ಮುಂದೆ ಒಂದು ಡಬ್ಬಿ. ಅದರಲ್ಲಿ ಬೀಗದಕೈ ತಿರುಗಿಸಿ ಗುಂಡಿ ಒತ್ತಿದರೆ ತಂತಿಯ ಮೂಲಕ ಕರೆಂಟು ಹೋಗಿ ಮೋಟಾರು ಹೊತ್ತಬೇಕು.

ಎಣಿಸಿದರು. ಐದು, ನಾಲ್ಕು, ಮೂರು, ಎರಡು, ಒಂದು. ನಾನು ನೆಲ ನೋಡುತ್ತಿದ್ದೆ.

ಏನೂ ಆಗಲಿಲ್ಲ.

ನನ್ನ ಜನ್ಮದಲ್ಲಿ ‘ಏನೂ ಆಗಲಿಲ್ಲ’ ಎಂಬುದು ನಿಜವಾದದ್ದು ಅದೊಂದೇ ಸಲ. ಅದು ಎಲ್ಲಕ್ಕಿಂತ ಭಯಂಕರ ಎಂದು ನನಗೆ ಗೊತ್ತಿರಲಿಲ್ಲ. ಹೊತ್ತದ ಮೋಟಾರು ಒಳಗೊಳಗೇ ಹೊತ್ತುತ್ತಿರಬಹುದು. ಸುಮ್ಮನೆ ಕಾಯಬೇಕು. ಸರ್ ಗಡಿಯಾರ ನೋಡುತ್ತ ಕಾದರು. ಬಿಸಿಲು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಆಮೇಲೆ ಯಾರೋ ಒಬ್ಬರು ಅದರ ಹತ್ತಿರ ಹೋಗಿ, ಬತ್ತಿಯಂಥ ತಂತಿಯನ್ನು ತೆಗೆದು ಹೊಸದು ಹಾಕಬೇಕು. ಒಬ್ಬರೇ ಹೋಗಬೇಕೆಂದು ನಿಯಮ. ಕೆಟ್ಟರೆ ಒಬ್ಬರೇ ಕೆಡಲಿ ಎಂದು ನಾನು ಅರ್ಥ ಮಾಡಿಕೊಂಡೆ.

“ನಾ ಹೋಗ್ತೀನಿ. ನಿಮ್ಮ ಕೈ ನಡುಗ್ತಾವ,” ಎಂದು ಸರ್‌ಗೆ ಹೇಳಿ ನಮ್ಮವರು ಎದ್ದರು.

“ರೀ,” ಎಂದೆ.

ಗೋಡಬೋಲೆ ಸರ್ ಡಬ್ಬಿಯಿಂದ ಬೀಗದಕೈ ಕಿತ್ತು ನನ್ನ ಅಂಗೈಯಲ್ಲಿಟ್ಟರು. “ಸೂನಬಾಯಿ, ಹೀ ತುಮ್ಹೀ ಧರಾ,” ಎಂದರು. ಇದನ್ನು ನೀವು ಹಿಡಿದುಕೊಳ್ಳಿ. “ಇದು ಇಲ್ಲದೆ ಆ ತಂತಿಗೆ ಕರೆಂಟು ಹೋಗುವುದಿಲ್ಲ. ಅವನು ಬಂದು ನಿಮ್ಮ ಪಕ್ಕದಲ್ಲಿ ನಿಲ್ಲುವ ತನಕ ನಾನು ಕೇಳಿದರೂ ಕೊಡಬೇಡಿ.”

ನಾಲ್ಕು ನೂರು ಹೆಜ್ಜೆ. ನಾನು ಪ್ರತಿಯೊಂದನ್ನೂ ಎಣಿಸಿದೆ. ಅವರು ಸಣ್ಣಗಾಗುತ್ತ ಹೋದರು. ರಾಕೆಟ್ಟಿನ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತಾಗ ನನಗೆ ಕಂಡದ್ದು ಅವರ ಬಿಳಿ ಅಂಗಿಯ ಬೆನ್ನೊಂದೇ. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದದ್ದಕ್ಕೆ ನಾನು ಜಗಳಾಡಿದ್ದೆ. ‘ಬೇಕಾದರ ನೀವ ಮಾಡಿಕೊಳ್ರಿ’ ಎಂದಿದ್ದೆ. ಅದೇ ಕೊನೆಯ ಮಾತಾಗಬಾರದು ಎಂದು ಬನಶಂಕರಿಗೆ ಬೇಡಿಕೊಂಡೆ. ಅವರು ತಿರುಗಿ ಬಂದು ಪಕ್ಕದಲ್ಲಿ ನಿಂತ ಮೇಲೂ ನನ್ನ ಮುಷ್ಟಿ ತೆರೆಯಲಿಲ್ಲ. ಅವರೇ ಒಂದೊಂದು ಬೆರಳು ಬಿಡಿಸಿ ಬೀಗದಕೈ ತೆಗೆದುಕೊಂಡರು. ಅಂಗೈಯಲ್ಲಿ ಅದರ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು.

ಮತ್ತೆ ಎಣಿಸಿದರು. ಒಂದು ಎಂದದ್ದು ಕೇಳಲೇ ಇಲ್ಲ. ನೆಲ ಅದುರಿತು. ಸಾವಿರ ಗಜ ಹೊಸ ಬಟ್ಟೆಯನ್ನು ಒಮ್ಮೆಲೇ ಹರಿದ ಹಾಗೆ ಶಬ್ದ. ಕಾಲಿನಿಂದ ಹತ್ತಿ ಎದೆಯೊಳಗೆ ಬಂದು ಕೂತಿತು. ಎಲ್ಲರೂ ಕತ್ತೆತ್ತಿ ಕೂಗುತ್ತಿದ್ದರು. ನಾನು ತಲೆ ತಗ್ಗಿಸಿಯೇ ಇದ್ದೆ. ಸ್ವಲ್ಪ ಹೊತ್ತಿಗೆ ಶಬ್ದ ಕರಗಿಹೋಯಿತು. “ಸಣ್ಣದು ಬಂತು, ಸಣ್ಣ ಛತ್ರಿ ಬಂತು!” ಎಂದು ಸರ್ ಕೂಗಿದರು. ನಾನು ಉಸಿರು ಬಿಟ್ಟು ಹೊಲದ ಕಡೆ ಕಣ್ಣೆತ್ತಿದೆ.

ಜಾಲಿ ಕಂಟಿಯ ಮರೆಯಿಂದ ಒಬ್ಬ ಹೆಂಗಸು ಆಡುಗಳ ಜೊತೆ ನಡುಹೊಲಕ್ಕೆ ಬರುತ್ತಿದ್ದಳು.

ಮೊದಲ ಸಲ ಹಾರದ್ದನ್ನು ದೂರದಿಂದ ನೋಡಿ, ಇನ್ನು ಆಟ ಮುಗಿಯಿತು ಎಂದುಕೊಂಡು ಹೊರಟಿದ್ದಳಂತೆ. ಅದು ನಮಗೆ ಆಮೇಲೆ ಗೊತ್ತಾದದ್ದು. “ಸರ್, ಅಲ್ಲಿ ಯಾರೋ ಬಂದಾರ್ರಿ!” ಎಂದು ಕಿರುಚಿದೆ. ಯಾರೂ ತಿರುಗಲಿಲ್ಲ, ಎಲ್ಲರ ಕಣ್ಣೂ ಮೇಲೆ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ನಾನು ಓಡುತ್ತಿದ್ದೆ. ಜೋಳದ ಕೂಳೆಗಳು ಕಾಲಿಗೆ ಚುಚ್ಚುತ್ತಿದ್ದವು, ಒಂದು ಚಪ್ಪಲಿ ಹೋಯಿತು. ಹಿಂದಿನಿಂದ ನಮ್ಮವರ ದನಿ ಕೇಳಿತು, ಅಂಥ ದನಿಯನ್ನು ನಾನು ಅವರಿಂದ ಎಂದೂ ಕೇಳಿರಲಿಲ್ಲ:

“ದೊಡ್ಡದು ಬಿಚ್ಚವಲ್ದೂ!”

ನನ್ನ ನಾಲ್ಕು ಹೊಲಿಗೆ ನೆನಪಾದದ್ದು ಆಗ. ಓಡುತ್ತಲೇ ನೆನಪಾಯಿತು.

“ಓಡ್ರೀ! ಓಡ್ರೀ!” ಎಂದು ಕೂಗಿದೆ. ಹತ್ತು ವರ್ಷ ದಿನಾ ಆಡಿದ ಮರಾಠಿ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಮರಾಠಿಯಲ್ಲಿ ‘ಓಢ’ ಎಂದರೆ ಎಳೆ ಎಂದರ್ಥ. ಆಕೆ ನನ್ನನ್ನೊಮ್ಮೆ ನೋಡಿ, ತನ್ನ ಕೈಯಲ್ಲಿದ್ದ ಆಡಿನ ಹಗ್ಗವನ್ನು ಜೋರಾಗಿ ಎಳೆಯಲು ನಿಂತಳು. ಆಡು ಕಾಲೂರಿತು. ನಾನು ಹೋದ ವೇಗದಲ್ಲೇ ಆಕೆಯ ರಟ್ಟೆ ಹಿಡಿದು ಜಾಲಿ ಮರದ ಬುಡಕ್ಕೆ ಎಳೆದುಕೊಂಡು ಬಂದೆ. ಹಗ್ಗ ಕೈಬಿಟ್ಟಿತು. ಆಗ ಮಾತ್ರ ಮೇಲೆ ನೋಡಿದೆ. ಆಕಾಶದಲ್ಲಿ ರಾಕೆಟ್ಟಿನ ಕೆಂಪು ಬಿಳಿ ಪಟ್ಟೆಯ ಎರಡು ತುಂಡು ಒಂದಕ್ಕೊಂದು ಜೋತುಕೊಂಡು, ತೂಗುತ್ತ, ದೊಡ್ಡದಾಗುತ್ತ ಬರುತ್ತಿದ್ದವು. ಯಾವ ಕಡೆಗೆ ಬರುತ್ತಿವೆ ಎಂದು ಹೇಳಲಾಗಲಿಲ್ಲ. ಎರಡೂ ಕೈಯಿಂದ ಆಕೆಯ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೆ.

ಧಪ್ ಎಂಬ ಶಬ್ದ. ಇಪ್ಪತ್ತು ಹೆಜ್ಜೆ ದೂರ. ಧೂಳು ಇಳಿದಾಗ ಹಗ್ಗ ಕಟ್ಟಿದ ಆಡು ಬಿದ್ದಿತ್ತು.

ಆಕೆಯ ಹೆಸರು ಸಖುಬಾಯಿ. ನನಗಿಂತ ಹದಿನೈದು ವರ್ಷ ದೊಡ್ಡವಳಿರಬೇಕು. ಆಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಷ್ಟರಲ್ಲಿ ಎಲ್ಲರೂ ಓಡಿ ಬಂದರು. ನಮ್ಮವರು ಮೊದಲು ನನ್ನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಛತ್ರಿಯ ಚೀಲ ಎತ್ತಿಕೊಂಡರು. ಅದರ ಬಾಯಿಗೆ ನಾಲ್ಕು ನೀಲಿ ಹೊಲಿಗೆ, ಒಂದೂ ಹರಿಯದೆ ಇದ್ದವು. ಇವರು ಆ ದಾರವನ್ನು ನೋಡಿದರು, ನನ್ನ ಮುಖ ನೋಡಿದರು. ಗೋಡಬೋಲೆ ಸರ್ ಕೂಡ ನೋಡಿದರು.

“ನಾನ ಹಾಕು ಅಂದಿದ್ದೆ ಸರ್,” ಎಂದುಬಿಟ್ಟರು ನಮ್ಮವರು.

“ಹಾಕು ಎಂದವನು ನೀನಾದರೆ ನೋಡದೆ ರಾಕೆಟ್ಟಿನೊಳಗೆ ತುಂಬಿದವನು ನಾನು. ತಪ್ಪು ನನ್ನದು,” ಎಂದರು ಸರ್.

“ಸುಳ್ಳು ಹೇಳಬ್ಯಾಡ್ರಿ. ಯಾರೂ ಹೇಳಿರಲಿಲ್ಲ. ಅಂಜಿಕಿ ಬಂದು ನಾನ ಹಾಕೀನಿ,” ಎಂದೆ. ಅಳು ಬರುತ್ತಿತ್ತು, ಆದರೆ ಅಳುವ ಹಕ್ಕು ಅಲ್ಲಿ ಇದ್ದದ್ದು ಒಬ್ಬಳಿಗೆ ಮಾತ್ರ.

ಸಖುಬಾಯಿ ನಮ್ಮ ಮೂವರನ್ನೂ ಕೆಳಗಿನಿಂದ ಮೇಲೆ ನೋಡಿದಳು. “ಯಾರ ತಪ್ಪು ಎಂದು ಆಮೇಲೆ ಕೂತು ಹಂಚಿಕೊಳ್ಳಿ,” ಎಂದಳು ತನ್ನ ಮರಾಠಿಯಲ್ಲಿ. “ಮೊದಲು ನೀರು ತನ್ನಿ. ಈಕೆಯ ಕಾಲಿನಿಂದ ರಕ್ತ ಹೋಗುತ್ತಿದೆ.”

ಈಕೆ ಎಂದರೆ ನಾನು. ಕೂಳೆ ಚುಚ್ಚಿ ಚಪ್ಪಲಿ ಇಲ್ಲದ ಕಾಲು ಕೆಂಪಾಗಿತ್ತು. ನನಗದು ಗೊತ್ತೇ ಇರಲಿಲ್ಲ.

ಮುಂದಿನ ವಾರ ಸರ್ ಎರಡು ಆಡುಗಳನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿ ಸಖುಬಾಯಿಗೆ ಒಪ್ಪಿಸಿ ಬಂದರು. ದಾರಿಯುದ್ದಕ್ಕೂ ಅವು ಸರ್ ಅವರ ಫೈಲಿನ ಅರ್ಧ ಭಾಗ ತಿಂದಿದ್ದವಂತೆ. ಪರವಾನಗಿಯ ಕಚೇರಿಗೆ ಸರ್ ತಾವಾಗಿಯೇ ನಡೆದದ್ದನ್ನೆಲ್ಲ ಬರೆದು ಕೊಟ್ಟರು. ಕೊಡುವ ಮೊದಲು ನನ್ನನ್ನು ಕರೆದು ಓದಿ ಹೇಳಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ.

“ನನ್ನ ಹೆಸರು ಹಾಕಿ ಸರ್,” ಎಂದೆ.

“ಹೊಲಿಯುವವರು ತಪ್ಪು ಮಾಡುತ್ತಾರೆಂದೇ ಪರೀಕ್ಷೆ ಮಾಡುವವನೊಬ್ಬ ಇರುತ್ತಾನೆ,” ಎಂದರು ಎಂದಿನ ಒರಟು ದನಿಯಲ್ಲಿ. “ನೀವು ಹೆದರಿ ಹೊಲಿದಿರಿ. ನಾನು ಹೆದರದೆ ತುಂಬಿದೆ. ನನ್ನದು ದೊಡ್ಡ ತಪ್ಪು. ಹೋಗಿ, ಚಹಾ ಮಾಡಿ.”

ಆಮೇಲೆ ರಾಕೆಟ್ಟಿನ ಮಾತು ನಿಂತಿತು. ಸರ್ ಮನೆಯ ಬಾಲ್ಕನಿಯಲ್ಲಿ ಸೊಟ್ಟಗಾದ ಕೊಳವೆಗಳ ಮೇಲೆ ಪಾರಿವಾಳ ಕೂತವು. ನನಗೆ ನಿಶ್ಚಿಂತೆ ಆಗಬೇಕಿತ್ತು. ಆದರೆ ನಮ್ಮವರು ಕೆಲಸದಿಂದ ಬಂದು ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದರು. ‘ಏನೂ ಆಗೂದಿಲ್ಲ’ ಎನ್ನುವುದನ್ನೂ ಬಿಟ್ಟರು. ನೀವು ನಂಬಲಿಕ್ಕಿಲ್ಲ, ಅದನ್ನು ಕೇಳದೆ ನನಗೆ ಇನ್ನೊಂದು ಬಗೆಯ ಅಂಜಿಕೆ ಹತ್ತಿಕೊಂಡಿತು. ಮಗಳು ಜ್ವರ ಬಂದು ಮಲಗಿದಾಗ, ‘ಏನೂ ಆಗೂದಿಲ್ಲ ಅನ್ರಿ’ ಎಂದು ನಾನೇ ಕೇಳಿಕೊಂಡೆ. ಅವರು ಅನ್ನಲಿಲ್ಲ.

ವರ್ಷ ಕಳೆದ ಮೇಲೆ ಒಂದು ದಿನ ನಾನೇ ಕೆಳಗಿಳಿದು ಹೋದೆ. ಗೋಡಬೋಲೆ ಸರ್ ಪೇಪರ್ ಓದುತ್ತಿದ್ದರು.

“ಸರ್, ಮತ್ತೊಂದು ಮಾಡೋಣ. ಛತ್ರಿ ನಾನೇ ಹೊಲಿಯುತ್ತೇನೆ. ಆದರೆ ನನ್ನ ಪ್ರತಿ ಹೊಲಿಗೆಯನ್ನೂ ನೀವು ಕಣ್ಣಾರೆ ನೋಡಬೇಕು. ಇನ್ನೊಂದು. ಎಲ್ಲರೂ ಮೇಲೆ ನೋಡಬಾರದು. ಒಬ್ಬರು ರಾಕೆಟ್ಟಿಗೆ ಬೆನ್ನು ಮಾಡಿ ನಿಂತು ಹೊಲವನ್ನಷ್ಟೇ ನೋಡುತ್ತಿರಬೇಕು, ಅದು ಕೆಳಗೆ ಮುಟ್ಟುವ ತನಕ.”

ಸರ್ ಪೇಪರ್ ಕೆಳಗಿಟ್ಟರು. “ಅಷ್ಟು ದುಡಿದು ಮಾಡಿದ ರಾಕೆಟ್ ಹಾರುವಾಗ ಬೆನ್ನು ತಿರುಗಿಸಿ ನಿಲ್ಲುವ ಮೂರ್ಖರು ಯಾರು ಸಿಗುತ್ತಾರೆ?”

“ನಾನಿದ್ದೇನಲ್ಲ,” ಎಂದೆ.

ಹೊಸ ಪರವಾನಗಿ ಬರಲು ಮತ್ತೊಂದು ವರ್ಷ ಹಿಡಿಯಿತು. ಈ ಸಲ ನಾನು ತುಪ್ಪದ ದೀಪ ಹಚ್ಚಲಿಲ್ಲ. ಹಚ್ಚಬೇಕೆಂದು ಕೈ ಹೋಗುತ್ತಿತ್ತು, ಯಾವುದಕ್ಕಾಗಿ ಹಚ್ಚಬೇಕೆಂದು ತೀರ್ಮಾನವಾಗುತ್ತಿರಲಿಲ್ಲ. ಸರ್ ಕನ್ನಡಕ ಹಾಕಿಕೊಂಡು, ಭೂತಗನ್ನಡಿ ಹಿಡಿದು ನನ್ನ ಹೊಲಿಗೆ ನೋಡಿದರು. ಚೀಲವನ್ನು ಹತ್ತು ಸಲ ಎಳೆದು ಬಿಚ್ಚಿಸಿದರು. ಹನ್ನೊಂದನೆಯ ಸಲ ನಾನು ಬಿಚ್ಚಿಸಿದೆ.

ಅದೇ ಹೊಲ. ಅಂದು ಸಖುಬಾಯಿ ಬೆಳಿಗ್ಗೆಯೇ ಬಂದಿದ್ದಳು, ಆಡುಗಳನ್ನು ವಸ್ತಿಯಲ್ಲಿ ಕಟ್ಟಿಹಾಕಿ. ನಾನು ರಾಕೆಟ್ಟಿಗೆ ಬೆನ್ನು ಮಾಡಿ ಜಾಲಿ ಕಂಟಿಯ ಕಡೆ ಮುಖ ಮಾಡಿ ನಿಂತೆ. ಆಕೆ ನನ್ನೆದುರಿಗೆ ಬಂದು, ನನ್ನ ಮುಖ ನೋಡುತ್ತ ನಿಂತಳು. ಅಂದರೆ ಆಕೆಗೆ ಆಕಾಶ ಕಾಣುತ್ತಿತ್ತು, ನನಗೆ ನೆಲ. ನನ್ನ ಎರಡೂ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

ಹಿಂದೆ ಎಣಿಕೆ ಶುರುವಾಯಿತು. ನೆಲ ಅದುರಿತು. ಆ ಶಬ್ದ ಮತ್ತೆ ಎದೆಯೊಳಗೆ ಬಂದು ಕೂತಿತು.

ನಾನು ಹೊಲ ನೋಡಿದೆ. ಕಂಟಿ ನೋಡಿದೆ, ಕಬ್ಬಿನ ಅಂಚು ನೋಡಿದೆ, ಕಾಲುದಾರಿ ನೋಡಿದೆ. ಯಾರೂ ಇರಲಿಲ್ಲ. ಒಂದು ಕಾಗೆಯೂ ಇರಲಿಲ್ಲ. ಮತ್ತೆ ಮೊದಲಿನಿಂದ ನೋಡಿದೆ. ಹಿಂದೆ ಎಲ್ಲರೂ ಸುಮ್ಮನಾಗಿದ್ದರು. ಆ ಮೌನ ಯಾವುದರದು ಎಂದು ತಿಳಿಯುತ್ತಿರಲಿಲ್ಲ. ನಮ್ಮವರ ದನಿ ಇಲ್ಲ, ಸರ್ ದನಿ ಇಲ್ಲ. ಬೆನ್ನಿನ ಮೇಲೆ ಬಿಸಿಲು, ಅದರ ಮೇಲೆ ಎಲ್ಲೋ ಬೀಳುತ್ತಿರುವ ಹದಿನಾಲ್ಕು ಕಿಲೋ. ಸಖುಬಾಯಿಯನ್ನು ಕೇಳಲೂ ಧೈರ್ಯವಾಗಲಿಲ್ಲ. ಆಕೆಯ ಕಣ್ಣು ಮೇಲಿನಿಂದ ಸಾವಕಾಶ ಕೆಳಗೆ ಬರುತ್ತಿತ್ತು. ಬರುತ್ತ ಬರುತ್ತ ಅಗಲವಾಯಿತು. ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿದಳು.

“ಉಘಡಲೀ ಗ ಬಾಯೀ!” ಎಂದಳು. “ತುಝೀ ಛತ್ರೀ ಉಘಡಲೀ!”

ತೆರೆಯಿತಂತೆ, ನನ್ನ ಛತ್ರಿ. ಹಿಂದಿನಿಂದ ಕೇಕೆ, ಚಪ್ಪಾಳೆ, ನಮ್ಮವರು ನನ್ನ ಹೆಸರು ಹಿಡಿದು ಕರೆಯುವುದು, ಎಲ್ಲ ಒಟ್ಟಿಗೇ ಕೇಳಿತು. “ಏ, ತಿರುಗಿ ನೋಡ! ನೋಡ ಒಮ್ಮೆ! ಹೆಂಗ ಇಳ್ಯಾಕತ್ತದ ನೋಡ!” ಎಂದು ಕೂಗುತ್ತಿದ್ದರು. ಎಂಟು ಕಳಿ, ನಾಲ್ಕು ಕೆಂಪು, ನಾಲ್ಕು ಬಿಳಿ. ನನ್ನ ಕೈಯಲ್ಲೇ ಕತ್ತರಿಸಿದ್ದು.

ನನ್ನ ಕಣ್ಣು ತುಂಬಿ ಹೊಲ ಮಬ್ಬಾಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಕಂಟಿಯ ಕಡೆ ನೋಡುತ್ತ ನಿಂತೆ. ಅದಿನ್ನೂ ನೆಲ ಮುಟ್ಟಿರಲಿಲ್ಲ.